ವೃಂದಾ ಓದುತ್ತಿದ್ದಾಳೆ

ನೀರಿನ ಲಾರಿ ಬಂದಿರಬೇಕು, ಹೊರಗೆ ಪ್ಲಾಸ್ಟಿಕ್ ಕೊಡಗಳು ಒಂದಕ್ಕೊಂದು ಬಡಿಯುತ್ತಿವೆ, ಮಾರ್ಚ್ ಬಂತೆಂದರೆ ಮದ್ರಾಸಿನ ಪುರಸೈವಾಕ್ಕಂನ ಈ ಬೀದಿಯಲ್ಲಿ ದಿನಾ ಇದೇ ಜಗಳ, ಪ್ರಿನ್ಸಿಪಾಲ್ ಮೇಡಂ ಆಯಾಗೆ ಹೇಳಿ ಕಿಟಕಿ ಹಾಕಿಸಿದರು, ಈಗ ಫ್ಯಾನಿನ ಕಿರಕಿರಿ ಮಾತ್ರ, ಅದರ ಕೆಳಗೆ ವೃಂದಾಳ ದನಿ — ಮೀನಾ ಗೋಸ್ ಟು ದ ಬೀಚ್ — ಎಷ್ಟು ಚೆನ್ನಾಗಿ ಓದುತ್ತಿದ್ದಾಳೆ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ಎಳೆಯಬೇಕಾದಲ್ಲಿ ಎಳೆದು, ಒಂದನೇ ಕ್ಲಾಸಿನ ಮಗು, ಜೂನ್‌ನಲ್ಲಿ ನನ್ನ ಕೈಗೆ ಬಂದಾಗ ಬಿ ಯಾವುದು ಡಿ ಯಾವುದು ತಿಳಿಯದೆ ಉಗುರು ಕಚ್ಚುತ್ತಿದ್ದವಳು, ಮೇಡಂ ಮುಖ ಅರಳಿದೆ, ಗೋಡೆ ಪಕ್ಕದ ಬೆಂಚಿನ ಮೇಲೆ ಅವಳ ಅಜ್ಜಿ ಅಮ್ಮಣ್ಣಿಯವರು, ಪರೀಕ್ಷೆ ತಮಗೇ ಎನ್ನುವ ಹಾಗೆ ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದಾರೆ, ನಾನೊಬ್ಬಳೇ ಹೀಗೆ ಅವಳ ಬೆರಳನ್ನೇ ನೋಡುತ್ತಾ ಕೂತಿರುವುದು — ಖುಷಿಪಡೇ ಪ್ರೇಮಾ, ವರ್ಷವಿಡೀ ಗಂಟಲು ಹರಿದುಕೊಂಡಿದ್ದು ಇದಕ್ಕೇ ಅಲ್ಲವೇ — ಆದರೆ ಇವಳು ಪುಸ್ತಕವನ್ನು ನೋಡುತ್ತಿಲ್ಲ, ಅಯ್ಯೋ, ಬೆರಳು ಇನ್ನೂ ಚಿತ್ರದ ದೋಣಿಯ ಮೇಲೇ ಇದೆ, ಬಾಯಿ ಆಗಲೇ ಮೂರು ಸಾಲು ಮುಂದೆ ಹೋಗಿದೆ.

ಮೇಡಂಗೆ ಕಾಣಿಸುವುದಿಲ್ಲ, ಅವರಿಗೆ ಕಿವಿ ಸಾಕು, ಮೊದಲೇ ಗೊತ್ತುಮಾಡಿದ ಒಂದು ಪುಟ ತಡವರಿಸದೆ ಓದಿದರೆ ಎರಡನೇ ಕ್ಲಾಸಿಗೆ ಪಾಸು, ಅಲ್ಲಿಗೆ ಮಹಡಿ ಮೆಟ್ಟಿಲ ಕೆಳಗಿನ ನನ್ನ ಕೋಣೆಯಲ್ಲಿ ಅವಳ ಕುರ್ಚಿ ಇನ್ನೊಂದು ಮಗುವಿಗೆ, ಓದದಿದ್ದರೆ ಒಂದನೇ ಕ್ಲಾಸೇ ಮತ್ತೆ, ಕುರ್ಚಿಯೂ ಮತ್ತೆ ಅವಳದೇ — ಇದು ಮೇಡಂ ಮಾಡಿದ ಕಾನೂನು, ಹಿಂದುಳಿದ ಮಕ್ಕಳಿಗೆ ಓದು ಕಲಿಸುವ ಕೋಣೆ ಒಂದೇ, ಟೀಚರೂ ಒಬ್ಬಳೇ, ಎಷ್ಟು ಜನರನ್ನು ಅಂತ ಇಟ್ಟುಕೊಳ್ಳುವುದು. ಸ್ಟಾಫ್ ರೂಮಿನಲ್ಲಿ ನನ್ನನ್ನು ಮರಳು ಕಾಗದದ ಟೀಚರ್ ಎಂದು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ, ಒರಟು ಮರಳು ಕಾಗದದಲ್ಲಿ ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿ ಮಕ್ಕಳ ಬೆರಳು ಹಿಡಿದು ಅದರ ಮೇಲೆ ಓಡಿಸುತ್ತೇನೆ, ಬಾಯಲ್ಲಿ ಸದ್ದು, ಬೆರಳಲ್ಲಿ ಅಕ್ಷರ, ಎರಡೂ ಒಟ್ಟಿಗೆ, ಹೋದ ತಿಂಗಳು ವೃಂದಾ ಮೂರು ಅಕ್ಷರ ಸವರಿ, ಪ, ಆ, ಟ, ಎಂದು ಬಿಡಿಬಿಡಿಯಾಗಿ ಹೇಳಿ, ಸುಮ್ಮನೆ ಕೂತು, ಆಮೇಲೆ ಪಾಟ್ ಎಂದಳು, ಕುಡಂ, ಮಿಸ್, ಕುಡಂ, ಕೊಡ ಎಂದು ಕಿರುಚಿ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಯಾರೂ ಹೇಳಿಕೊಡದ ಒಂದು ಪದ, ತಾನೇ ಕಾಗದದಿಂದ ಎತ್ತಿಕೊಂಡಿದ್ದು, ಅದು ಓದು. ಬಾಗಿಲು ಈಗ ತಾನೇ ಒಂದು ಬೆರಳಷ್ಟು ತೆರೆದಿದೆ, ಇನ್ನೊಂದು ವರ್ಷ ನನ್ನ ಹತ್ತಿರ ಬಿಟ್ಟರೆ ಇವಳು ಓದುತ್ತಾಳೆ, ಖಂಡಿತ ಓದುತ್ತಾಳೆ, ಮೇಲೆ ಹೋದರೆ ಅಲ್ಲಿ ಅರವತ್ತು ಮಕ್ಕಳು, ಪಕ್ಕದವಳು ಹೇಳಿದ್ದನ್ನು ಕೇಳಿಸಿಕೊಂಡು ಒಪ್ಪಿಸುತ್ತಾಳೆ, ಐದನೇ ಕ್ಲಾಸಿನವರೆಗೆ ತಳ್ಳುತ್ತಾಳೆ, ಅಷ್ಟು ಜಾಣೆ, ಆಮೇಲೆ ಯಾವನೋ ಒಬ್ಬ ಕರಿಹಲಗೆಯ ಮುಂದೆ ನಿಲ್ಲಿಸಿ ದಡ್ಡಿ ಅನ್ನುತ್ತಾನೆ.

ಅಜ್ಜಿಗೆ ಹೇಳಿದ್ದೆ. ನವರಾತ್ರಿಯಲ್ಲಿ ಅರಿಶಿನ ಕುಂಕುಮಕ್ಕೆ ಕರೆದಿದ್ದರು, ನಾನು ಮೈಸೂರಿನವಳು, ಕನ್ನಡದವಳು ಎಂದು ಅಮ್ಮಣ್ಣಿಯವರಿಗೆ ಒಂದು ಸಲಿಗೆ, ಅವರ ಮಾವನವರ ಕಾಲಕ್ಕೇ ಮದ್ರಾಸಿಗೆ ಬಂದ ಮನೆ, ಮಗ ಸೊಸೆ ಬೆಳಗಾಗುವ ಮೊದಲೇ ಆಫೀಸಿನ ವ್ಯಾನು ಹತ್ತಿ ಶೋಳಿಂಗನಲ್ಲೂರಿಗೆ, ಮಗು ಅಜ್ಜಿಯ ಮಡಿಲಲ್ಲೇ ಬೆಳೆದದ್ದು, ದೀಪ ಹಚ್ಚಿದ ಮೇಲೆ ಇಬ್ಬರೂ ದೇವರ ಮುಂದೆ ಕೂತರು, ಸ್ತೋತ್ರದ ಪುಸ್ತಕ ವೃಂದಾಳ ತೊಡೆಯ ಮೇಲೆ, ಎಂಥ ರಾಗ, ಎಂಥ ಉಚ್ಚಾರ, ಸರಿಯಾದ ಜಾಗಕ್ಕೆ ಪುಟ ತಿರುವುತ್ತಾಳೆ, ಎಣ್ಣೆ ತಾಗಿ ಎರಡು ಹಾಳೆ ಅಂಟಿಕೊಂಡಿದ್ದವು, ಎರಡನ್ನೂ ಒಟ್ಟಿಗೆ ತಿರುವಿದಳು, ಸ್ತೋತ್ರ ಒಂದು ಸಾಲೂ ತಪ್ಪದೆ ಮುಂದೆ ಹೋಯಿತು, ಅಜ್ಜಿಯೂ ನಿಲ್ಲಿಸಲಿಲ್ಲ. ಇದು ಓದಲ್ಲ ಅಮ್ಮಣ್ಣಿಯವರೇ, ಬಾಯಿಪಾಠ ಎಂದೆ. ಅವರು ನಕ್ಕುಬಿಟ್ಟರು, ನಂಗೆ ಮಾತ್ರ ಕನ್ನಡ ಎಳುತ್ತು, ಅಕ್ಷರ, ಎಲ್ಲಿ ಬರತ್ತಮ್ಮಾ, ನಾನು ಓದಿದ್ದು ತಮಿಳಲ್ಲಿ, ಆದ್ರೂ ಪುಸ್ತಕ ಕೈಲಿ ಇರ್ಬೇಕು, ಬರೀ ಕೈಲಿ ದೇವರ ಮುಂದೆ ಕೂತ್ಕೋಬಾರ್ದು, ನಮ್ಮತ್ತೆ ಹಂಗೇ ಹೇಳ್ಕೊಟ್ಟಿದ್ದು, ನೀ ಸುಮ್ನೆ ಕವಲೆ ಪಡ್ಬೇಡ, ಚಿಂತೆ ಬೇಡ. ಆ ಮನೆಯಲ್ಲಿ ಓದುವುದೆಂದರೆ ಅದೇ, ಪುಸ್ತಕ ಹಿಡಿದುಕೊಂಡು ಒಳಗಿರುವುದನ್ನು ಹೇಳುವುದು, ಮಗುವೂ ಅಷ್ಟೇ ನಂಬಿದೆ, ಮೋಸ ಮಾಡುತ್ತಿಲ್ಲ ಪಾಪ, ಓದುತ್ತಿದ್ದೇನೆ ಎಂದೇ ತಿಳಿದುಕೊಂಡಿದೆ.

ಬೆಳಿಗ್ಗೆ ವರಾಂಡದಲ್ಲಿ ಅಮ್ಮಣ್ಣಿಯವರು ನನ್ನ ಕೈ ಹಿಡಿದುಕೊಂಡರಲ್ಲ, ಬಳೆ ಒತ್ತುವಷ್ಟು ಗಟ್ಟಿಯಾಗಿ, ಮಾತಾಡಬೇಡ ಮಾತಾಡಬೇಡ ಅನ್ನುವ ಹಾಗೆ ಈಗಲೂ ಒತ್ತುತ್ತಿದೆ — ನನ್ ತಮ್ಮ ಉಪೇಂದ್ರ ದಿನಾ ಸಾಯಂಕಾಲ ಬಂದು ಇಂಗ್ಲಿಷ್ ಪಾಠ ಓದಿ ಓದಿ ಹೇಳ್ದ, ನಾನೂ ಕಲ್ತೆ, ಇವ್ಳಿಗೂ ಹೇಳ್ಕೊಟ್ಟೆ, ಫೇಲಾದ್ರೆ ಸೊಸೆ ನನ್ನೇ ಅಂತಾಳಮ್ಮಾ, ಮನೇಲಿ ನೀವು ಏನ್ ನೋಡ್ಕೊಂಡ್ರಿ ಅಂತಾಳೆ. ಅರವತ್ತೆಂಟರ ಮುದುಕಿ, ಇಂಗ್ಲಿಷಿನ ಗಂಧ ಇಲ್ಲ, ಮೊಮ್ಮಗಳಿಗಾಗಿ ಒಂದು ಪುಟ ಉರು ಹೊಡೆದಿದ್ದಾರೆ, ಅದು ಪ್ರೀತಿಯಲ್ಲದೆ ಇನ್ನೇನು, ನಾನು ಯಾವ ಬಾಯಲ್ಲಿ ಹೇಳಲಿ — ಅದೋ, ತುಟಿ, ಬೆಂಚಿನ ಮೇಲೆ ಅಮ್ಮಣ್ಣಿಯವರ ತುಟಿ ಮೊಮ್ಮಗಳ ಜೊತೆಗೇ ಆಡುತ್ತಿದೆ, ಸದ್ದಿಲ್ಲದೆ, ಮೀನಾ ಸೀಸ್ ಎ ಬೋಟ್, ಕೂದಲೆಳೆಯಷ್ಟು ಮುಂದೆ, ಅಂದರೆ ವೃಂದಾ ಪುಸ್ತಕವನ್ನಲ್ಲ, ಆ ತುಟಿಯನ್ನು ನೋಡುತ್ತಿದ್ದಾಳೆ, ದ ಬೋಟ್ ಈಸ್ ಬಿಗ್, ಮುಗಿಯಿತು, ಇಬ್ಬರೂ ಒಟ್ಟಿಗೇ ಮುಗಿಸಿದರು.

ವೆರಿ ಗುಡ್, ನಲ್ಲಾ ಪಡಿಚ್ಚೆ ಕಣ್ಣಾ, ಚೆನ್ನಾಗಿ ಓದಿದಳಂತೆ, ಮೇಡಂ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಾರೆ, ಪ್ರೇಮಾ, ಕಂಗ್ರಾಟ್ಸ್, ನನಗೂ ಒಂದು ಪಾಲು ಹೆಸರು, ಸುಮ್ಮನಿದ್ದರೆ ಎಲ್ಲರೂ ನಗುತ್ತಾ ಮನೆಗೆ ಹೋಗುತ್ತೇವೆ, ಅಜ್ಜಿ ಬೀದಿ ತುದಿಯ ಅಂಗಡಿಯಲ್ಲಿ ಮೈಸೂರುಪಾಕು ಕೊಳ್ಳುತ್ತಾರೆ, ಮಗು ಹೊಸ ಬ್ಯಾಗು ಕೇಳುತ್ತದೆ, ಸುಮ್ಮನಿರೇ, ನಿನ್ನ ಗಂಟೇನು ಹೋಗುತ್ತದೆ, ಈ ಮಗು ಎಂದರೆ ನನಗೆ ಪ್ರಾಣ, ಅದಕ್ಕೇ, ಅದಕ್ಕೇ ಸುಮ್ಮನಿರಲಾರೆ, ನನ್ನ ಬಾಯಿಗಿಷ್ಟು — ಮೇಡಂ, ಒಂದು ನಿಮಿಷ, ಮುಂದಿನ ಪುಟ ಓದು ಕಂದಾ, ಕನ್ನಡದಲ್ಲೇ ಬಂದುಬಿಟ್ಟಿತು, ಪೆನ್ನು ಅಲ್ಲೇ ನಿಂತಿದೆ, ಅಮ್ಮಣ್ಣಿಯವರು ನನ್ನ ಕಡೆ ತಿರುಗಿದ್ದು ಗೊತ್ತಾಗುತ್ತಿದೆ, ನೋಡುವ ಧೈರ್ಯವಿಲ್ಲ, ವೃಂದಾ ಪುಟ ತಿರುವಿದಳು, ಅಚ್ಚುಕಟ್ಟಾಗಿ, ದೇವರ ಮುಂದೆ ತಿರುವುವ ಹಾಗೇ, ಬೆನ್ನು ನೆಟ್ಟಗೆ ಮಾಡಿ ಉಸಿರು ಎಳೆದುಕೊಂಡಳು, ಬಾಯಿ ತೆರೆದಳು, ಸವರು ಮರೀ, ಮೊದಲ ಅಕ್ಷರ ಒಂದೇ ಒಂದು ಸವರು — ಕಣ್ಣು ಬೆಂಚಿಗೆ ಹೋಯಿತು, ಅಜ್ಜಿಯ ತುಟಿಗೆ, ತುಟಿ ತೆರೆಯಿತು, ಏನೂ ಬರಲಿಲ್ಲ, ಮುಚ್ಚಿತು, ಮತ್ತೆ ತೆರೆಯಿತು, ಅಜ್ಜಿ, ನೀ ಸೊಲ್ಲು ಎನ್ನುತ್ತಿದ್ದಾಳೆ ಮಗು, ನೀನು ಹೇಳು ಅಜ್ಜಿ, ನಗುತ್ತಲೇ ಕೇಳುತ್ತಿದ್ದಾಳೆ, ಇನ್ನೂ ಅವಳಿಗೆ ತಿಳಿದಿಲ್ಲ, ಕಾಯುತ್ತಿದ್ದಾಳೆ, ಆ ತುಟಿ, ತೆರೆದೇ ಇದೆ, ಆ ತುಟಿ