ದೀಪ ಇಳಿಯದ ಬಾವಿ

ರವಿಕೆ ಬಿಗಿಯಾದಾಗ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳುವ ಹಾಗೆ, ಮುನಿಆಂಜನಪ್ಪ ವಯಸ್ಸಾದಂತೆಲ್ಲ ತನ್ನ ಈಜನ್ನು ಸಡಿಲ ಮಾಡಿಕೊಳ್ಳುತ್ತ ಬಂದಿದ್ದ. ಹರೆಯದಲ್ಲಿ ಪಂಪ್‌ಹೌಸಿನ ತಾರಸಿಯಿಂದ ಬಾವಿಗೆ ಹಾರುತ್ತಿದ್ದವನು ಮೊಮ್ಮಗಳು ಹುಟ್ಟುವ ಹೊತ್ತಿಗೆ ಕಟ್ಟೆಯಿಂದ ಹಾರತೊಡಗಿದ. ಸೊಂಟ ಹಿಡಿದುಕೊಂಡ ವರ್ಷ ಹಾರುವುದನ್ನೇ ಬಿಟ್ಟ. ಗೋಡೆಯಿಂದ ಹೊರಚಾಚಿದ ಕಲ್ಲುಗಳ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ಇಳಿದು, ಕೊನೆಯ ಕಲ್ಲಿನಿಂದ ಮೆಲ್ಲಗೆ ನೀರಿಗೆ ಜಾರುತ್ತಿದ್ದ. ಒಂದೊಂದನ್ನು ಬಿಟ್ಟಾಗಲೂ ಅವನದು ಅದೇ ಮಾತು. "ಇಷ್ಟ್ ಸಾಕು ಬಿಡು. ನೀರು ತಾನೇ ಮುಖ್ಯ?"

ದೊಡ್ಡನೆಕ್ಕುಂದಿಯ ಹೊಲಗಳೆಲ್ಲ ಫ್ಯಾಕ್ಟರಿ, ಅಪಾರ್ಟ್‌ಮೆಂಟ್ ಆಗಿಹೋದ ಮೇಲೆ ಅವನ ಮನೆಯವರ ಪಾಲಿಗೆ ಉಳಿದದ್ದು ಮನೆ ಮತ್ತು ಹಿತ್ತಲಿನ ಆ ಬಾವಿ. ಎರಡು ಸಾವಿರದ ಮೂರನೇ ಇಸವಿಯಲ್ಲಿ ಮುನಿಆಂಜನಪ್ಪ ತಾತನ ಕಣ್ಣಿನ ಪೊರೆ ತೆಗೆಸಿದರು. ತಲೆಗೆ ನೀರು ಸೋಕಿಸಬೇಡಿ ಅಂದರು ಡಾಕ್ಟರು. ಆ ಬೇಸಿಗೆಯಲ್ಲಿ ಅವನು ಬಾವಿಯ ಕಡೆ ಹೋಗುವುದೇ ಅಪರೂಪವಾಯಿತು.

ಹೋಗುತ್ತಿದ್ದವಳು ಮೊಮ್ಮಗಳು ರಮ್ಯ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು, ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯೊಂದರ ಸೀರೆಗಳಿಗೆ ಫಾಲ್ಸ್ ಹೊಲಿಯುತ್ತ ಮನೆಯಲ್ಲಿದ್ದ ಹುಡುಗಿ. ಮಾತು ಕಡಿಮೆ. ಸೂಜಿಯ ಮೇಲೆ ಕಣ್ಣಿಟ್ಟೇ ಹಿತ್ತಲಲ್ಲಿ ಏನೇನು ಬದಲಾಯಿತು ಅಂತ ಗಮನಿಸುತ್ತಿದ್ದಳು. ಬಾವಿಯ ನೀರು ತಳ ಸೇರಿತ್ತು. ಕಾಂಪೌಂಡಿನ ಆಚೆ ಹೊಸ ಅಪಾರ್ಟ್‌ಮೆಂಟಿನವರು ಕಕ್ಕಸಿನ ಗುಂಡಿ ತೋಡಿದ್ದರು. ಗೋಡೆಯ ಪೊಟರೆಗಳಲ್ಲಿದ್ದ ಪಾರಿವಾಳಗಳು ಒಂದು ದಿನ ಇರಲಿಲ್ಲ, ಆಮೇಲೆ ಬರಲೂ ಇಲ್ಲ.

ಶುಕ್ರವಾರ ಸಂಜೆ ಗಂಗಮ್ಮನಿಗೆ ದೀಪ ಇಳಿಸುವುದು ಆ ಮನೆಯ ಪದ್ಧತಿ. ಹಿತ್ತಾಳೆ ತಟ್ಟೆಗೆ ಮೂರು ಕಡೆ ದಾರ ಕಟ್ಟಿ, ನಡುವೆ ಹಣತೆಯಿಟ್ಟು ನೀರಿನವರೆಗೂ ಬಿಡಬೇಕು. ಅಜ್ಜಿ ಮುನಿಶಾಮಮ್ಮನಿಗೆ ಮಂಡಿ ನೋವು ಬಂದ ಮೇಲೆ ಅದು ರಮ್ಯಳ ಕೆಲಸವಾಗಿತ್ತು. ತಟ್ಟೆ ಮೇಲೆತ್ತಿದ ಮೇಲೆ ಅಜ್ಜಿ ಅಡುಗೆಮನೆಯಿಂದಲೇ ಕೇಳುತ್ತಿದ್ದಳು.

"ಉರೀತೇನಮ್ಮಿ?"

"ಉರೀತು ಅಜ್ಜಿ."

ಆ ಬೇಸಿಗೆಯ ಒಂದು ಶುಕ್ರವಾರ ಅದು ಉರಿಯಲಿಲ್ಲ. ಬಾವಿಯ ನಡುಮಟ್ಟದಲ್ಲಿ ಕಲ್ಲಿನ ಸಂದಿಯಿಂದ ಎದ್ದ ಅರಳಿ ಗಿಡವೊಂದಿತ್ತು. ತಟ್ಟೆ ಅದನ್ನು ದಾಟುತ್ತಿದ್ದಂತೆ ದೀಪ ಸಣ್ಣಗಾಯಿತು, ಮತ್ತೂ ಸಣ್ಣಗಾಗಿ ಇಲ್ಲವಾಯಿತು. ಗಾಳಿಗೆ ಆರುವ ದೀಪ ಒದ್ದಾಡುತ್ತದೆ. ಇದು ಒದ್ದಾಡಲಿಲ್ಲ. ಗಂಗಮ್ಮನ ದೀಪ ಆರಿದರೆ ಮನೆಯಲ್ಲೊಂದು ಜೀವ ಹೋಗುತ್ತದೆ ಎಂದು ನಂಬಿದವಳು ಅಜ್ಜಿ. ಮೈದುನ ಸತ್ತ ವರ್ಷವೂ ಹೀಗೇ ಆಗಿತ್ತು ಅನ್ನುತ್ತಿದ್ದಳು. ಆರಿತು ಅನ್ನುವ ಮಾತನ್ನು ಬಾಯಿಗೆ ತಂದರೆ ಸಾಕು ನಿಜವಾಗುತ್ತದೆ ಅನ್ನುವುದು ಆ ಮನೆಯ ಹೆಂಗಸರ ಭಯ.

"ಉರೀತೇನಮ್ಮಿ?"

"ಉರೀತು ಅಜ್ಜಿ."

ಮುಂದಿನ ಶುಕ್ರವಾರವೂ ಅರಳಿ ಗಿಡದ ಕೆಳಗೆ ದೀಪ ಆರಿಹೋಯಿತು. ಅದರ ಮುಂದಿನದೂ. ತಾತ, ಅಜ್ಜಿ, ತಾನು, ಮನೆಯಲ್ಲಿದ್ದ ಈ ಮೂರು ಜೀವಗಳಲ್ಲಿ ಹೋಗುವುದು ಯಾವುದು ಅಂತ ಅವಳು ಹೊಲಿಯುತ್ತ ಹೊಲಿಯುತ್ತ ಯೋಚಿಸಿದಳು. ಯಾರಿಗೂ ಹೇಳಲಿಲ್ಲ. ಕಟ್ಟೆಯ ಹತ್ತಿರ ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತದೆ ಎಂದಷ್ಟೇ ತಾತನಿಗೆ ಹೇಳಿದಳು. ಅವನು ಬಂದು ಮೂಗರಳಿಸಿದ.

"ಏನೂ ಇಲ್ವಲ್ಲಮ್ಮಿ."

ಅವನಿಗೆ ವಾಸನೆ ಬಡಿಯುವುದೆಂತು? ಐವತ್ತು ವರ್ಷ ನಶ್ಯ ಏರಿಸಿದ ಮೂಗು ಅದು. ಕಾಫಿ ಸೀದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಕಣ್ಣು ವಾಸಿಯಾಯಿತು. ಒಂದು ಭಾನುವಾರ ಬೆಳಿಗ್ಗೆ ತಾತ ಅಟ್ಟದಿಂದ ಒಣಗಿದ ಸೋರೆಬುರುಡೆ ಇಳಿಸಿದ. ಊರಿನ ಮಕ್ಕಳಿಗೆಲ್ಲ ಬೆನ್ನಿಗೆ ಕಟ್ಟಿ ಈಜು ಕಲಿಸಿದ ಬುರುಡೆ. ಈಗ ಅದನ್ನು ತನ್ನ ಎದೆಗೇ ಬಿಗಿದುಕೊಂಡ.

"ತಲೆ ಮುಳುಗಬಾರ್ದು ಅಂದ್ರಲ್ಲ ಡಾಕ್ಟ್ರು? ಮುಳುಗಲ್ಲ. ತೇಲ್ತೀನಿ ಅಷ್ಟೆ. ಕಲಿಯೋ ಮಕ್ಳ ಥರ ಆಗ್ಬಿಟ್ಟೆ ನೋಡು."

"ನೋಡೇ ನಿಮ್ ತಾತನ್ನ," ಅಂದಳು ಅಜ್ಜಿ ಹಿತ್ತಲ ಬಾಗಿಲಲ್ಲಿ ನಿಂತು. "ಹಾರ ಹಾಕ್ಕೊಂಡಂಗೆ ಬುರುಡೆ ಹಾಕ್ಕೊಂಡವ್ನೆ, ಮದುವೆ ಗಂಡು."

"ಹೆಣ್ಣು ಇಲ್ಲೇ ನಿಂತವ್ಳಲ್ಲ," ಅಂದ ತಾತ.

ಅಜ್ಜಿ ನಗುತ್ತಿದ್ದಳು. ಹೋಗುವ ಜೀವ ಯಾವುದು ಅನ್ನುವುದು ರಮ್ಯಳಿಗೆ ಈಗ ತಿಳಿದಂತಾಯಿತು. ಅಜ್ಜಿಯ ಎದುರಿಗೆ ಆ ಮಾತು ಹೇಗೆ ಆಡುವುದು?

"ಇವತ್ತು ಬ್ಯಾಡ ತಾತ."

"ಯಾಕಮ್ಮಿ?"

"ಸುಮ್ನೆ."

"ಸುಮ್ಸುಮ್ನೆ ಯಾರಾದ್ರೂ ಈಜು ಬಿಡ್ತಾರಾ? ಹಿಡಿ ಹಗ್ಗ."

ಹಗ್ಗದ ಒಂದು ತುದಿ ಅವನ ಸೊಂಟಕ್ಕೆ, ಇನ್ನೊಂದು ಅವಳ ಕೈಗೆ. ಇಳಿಯುವವನು ಮಾತು ನಿಲ್ಲಿಸಬಾರದು, ಮೇಲಿರುವವರಿಗೆ ಅದೇ ಗುರುತು. ಅದು ಅವನೇ ಮಾಡಿದ ನಿಯಮ. ಕಲ್ಲು ಕಲ್ಲಿಗೂ ಅವನ ಹತ್ತಿರ ಕಥೆಯಿತ್ತು. ಈ ಕಲ್ಲಿಂದ ನಿಮ್ಮಪ್ಪ ಜಾರಿ ಹಲ್ಲು ಮುರ್ಕೊಂಡ. ಇದರ ಮೇಲೆ ಒಂದು ಸಲ ಕೇರೆಹಾವು ಕುಂತಿತ್ತು, ನಾನೇ ದಾರಿ ಬಿಟ್ಟೆ. ಅವನ ದನಿ ಬಾವಿಯೊಳಗೆ ದೊಡ್ಡದಾಗಿ ಕೇಳಿಸುತ್ತಿತ್ತು. ಅರಳಿ ಗಿಡದ ಎಲೆಯನ್ನು ಕೈಯಿಂದ ಸರಿಸಿ ಇನ್ನೂ ಕೆಳಗಿಳಿದ.

"ಈ ಕಲ್ಲು... ಈ ಕಲ್ಲಿಂದ ನಿಮ್ಮಪ್ಪ..."

ಅದು ಆಗಲೇ ಹೇಳಿದ ಕಥೆ.

"ತಾತ?"

"ಈ ಕಲ್ಲು," ಅಂದ ತಾತ ಇನ್ನೊಮ್ಮೆ, ನಿದ್ದೆಯಲ್ಲಿ ಮಾತಾಡುವವನ ಹಾಗೆ. ಬುರುಡೆ ಗೋಡೆಗೆ ಬಡಿದ ಸದ್ದಾಯಿತು. ಹಗ್ಗ ಒಮ್ಮೆಲೇ ಭಾರವಾಗಿ ಅವಳ ಅಂಗೈ ಸುಟ್ಟಿತು.

ರಮ್ಯ ಹಗ್ಗವನ್ನು ಮೋಟರಿನ ಕಲ್ಲುಕಂಬಕ್ಕೆ ಸುತ್ತಿ ಕೂಗಿದಳು. ಅವಳು ಅಷ್ಟು ಜೋರಾಗಿ ಕೂಗಿದ್ದನ್ನು ಆ ಬೀದಿ ಹಿಂದೆಂದೂ ಕೇಳಿರಲಿಲ್ಲ. ಅಪಾರ್ಟ್‌ಮೆಂಟಿನ ವಾಚ್‌ಮನ್ ಅಮೃತಪ್ಪ ಕಾಂಪೌಂಡ್ ಹಾರಿ ಬಂದ. ಬಗ್ಗಿ ನೋಡಿದವನೇ ಅಂಗಿ ಕಿತ್ತೆಸೆದು ಮೊದಲ ಕಲ್ಲಿನ ಮೇಲೆ ಕಾಲಿಟ್ಟ.

"ಇಳೀಬೇಡಿ ಅಣ್ಣ."

"ಬಿಡಮ್ಮ, ಮುದುಕಪ್ಪ ಹೋಗ್ಬಿಡ್ತಾನೆ."

"ಇಳೀಬೇಡಿ. ಅಲ್ಲಿ ದೀಪ ಆರೋಗ್ತದೆ. ಗಿಡದ ಕೆಳಗೆ ದೀಪ ಆರೋಗ್ತದೆ."

ಬಾಗಿಲಲ್ಲಿದ್ದ ಅಜ್ಜಿಗೂ ಅದು ಕೇಳಿಸಿತು. ಅಮೃತಪ್ಪ ರಮ್ಯಳ ಮುಖ ನೋಡಿದ, ಕಾಲು ಹಿಂದಕ್ಕೆ ತೆಗೆದುಕೊಂಡ. ಅವನ ಊರಿನಲ್ಲಿ ಬಾವಿ ಹೂಳು ತೆಗೆಯುವವರು ಮೊದಲು ಲಾಟೀನು ಇಳಿಸಿ ನೋಡುತ್ತಿದ್ದರಂತೆ. ಆರಿದರೆ ಆ ದಿನ ಯಾರೂ ಇಳಿಯುತ್ತಿರಲಿಲ್ಲ. ಅದು ಶಕುನವಲ್ಲ, ಕೆಟ್ಟ ಗಾಳಿ ಅನ್ನುವುದನ್ನು ಅವನು ಹೇಳಿದ್ದು ಆಮೇಲೆ. ಆಗ ಇಬ್ಬರೂ ಸೇರಿ ಎಳೆದರು. ಬುರುಡೆ ಕಲ್ಲಿಗೆ ಬಡಿದು ಒಡೆಯಿತು. ಅರಳಿ ಗಿಡ ಮುರಿಯಿತು. ತಾತ ಕಟ್ಟೆಯ ಮೇಲೆ ಬಂದು ಬಿದ್ದಾಗ ತುಟಿ ನೇರಳೆಯಾಗಿತ್ತು. ಎಷ್ಟೋ ಹೊತ್ತಾದ ಮೇಲೆ ಕೆಮ್ಮಿದ.

ಉಳಿದ. ಆದರೆ ಮಾತಿನ ನಡುವೆ ಆಡುತ್ತಿದ್ದ ಮಾತು ಮರೆಯತೊಡಗಿದ.

ಈಜು ಈಗ ಇನ್ನಷ್ಟು ಸಡಿಲವಾಯಿತು. ಬಾವಿಯಿಂದ ದೂರ, ಹಿತ್ತಲ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು, ಶುಕ್ರವಾರ ರಮ್ಯ ದೀಪ ಇಳಿಸುವುದನ್ನು ನೋಡುತ್ತ ಕೂರುವುದು. "ನಾನಂತೂ ಇಳಿಯಂಗಿಲ್ಲ. ದೀಪನಾದ್ರೂ ಇಳೀಲಿ," ಅನ್ನುತ್ತಿದ್ದ. ಕಕ್ಕಸಿನ ಗುಂಡಿಯಿಂದ ಬಾವಿಗೆ ಕೆಟ್ಟ ಗಾಳಿ ಸೇರುತ್ತಿದೆ ಎಂದು ಪಕ್ಕದ ಅಪಾರ್ಟ್‌ಮೆಂಟಿನವರಿಗೆ ಹೇಳಿ ಕಳಿಸಿದ್ದಾಯಿತು. ಇಬ್ಬರು ಬಂದು ಬಾವಿಗೆ ಇಣುಕಿ, ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಹೋದರು. ಮತ್ತೆ ಬರಲಿಲ್ಲ.

ಮಳೆ ಶುರುವಾದ ಮೇಲೆ ಒಂದು ಶುಕ್ರವಾರ ದೀಪ, ಮುರಿದ ಅರಳಿ ಗಿಡದ ಬುಡ ಮುಟ್ಟುವ ಮೊದಲೇ ಆರಿಹೋಯಿತು. ಅದರ ಮುಂದಿನ ವಾರ ಇನ್ನೂ ಮೇಲೆ, ತಾತ ಹಾವು ಕಂಡಿದ್ದೆ ಅನ್ನುತ್ತಿದ್ದ ಕಲ್ಲಿನ ಹತ್ತಿರವೇ ಆರಿತು. ರಮ್ಯ ದಾರವನ್ನು ಕೈಗೆ ಸುತ್ತಿಕೊಳ್ಳುತ್ತಿದ್ದಳು. ಕೆಟ್ಟ ಗಾಳಿ ಮೇಲೇರಿದಂತೆ ಸುತ್ತಬೇಕಾದ ದಾರ ವಾರ ವಾರಕ್ಕೂ ಕಡಿಮೆಯಾಗುತ್ತಿತ್ತು.

"ಉರೀತೇನಮ್ಮಿ?" ಅಂದಳು ಅಜ್ಜಿ ಒಂದು ಸಂಜೆ.

"ಇಲ್ಲ ಅಜ್ಜಿ. ಆರೋಯ್ತು."

ಈಗ ಅವಳಿಗೆ ಆ ಮಾತು ಆಡಲು ಬರುತ್ತಿತ್ತು.

"ಎಲ್ಲಿಗಂಟ ಹೋಗಿತ್ತು?"

"ಇವತ್ತು ಇಳೀಲೇ ಇಲ್ಲ. ಕಟ್ಟೆ ದಾಟಿದ್ದಷ್ಟೇ."

ಅಜ್ಜಿ ಪಾತ್ರೆ ಬಿಟ್ಟು ಎದ್ದು ಬಂದಳು. ರಮ್ಯ ತಾತನನ್ನು ಕೈಹಿಡಿದು ಒಳಗೆ ಕರೆತಂದಳು. ಅಜ್ಜಿ ಹಿತ್ತಲ ಬಾಗಿಲು ಹಾಕಿ, ಬಾವಿಯ ಕಡೆಯ ಕಿಟಕಿ ಎಳೆದುಕೊಂಡು, ಅದರ ಸಂದಿಗೆ ಹಳೇ ಸೀರೆ ತುರುಕಿದಳು. ಆಮೇಲೆ ಮೂವರೂ ಗೋಡೆಯ ಗೂಡಿನಲ್ಲಿದ್ದ ದೇವರ ದೀಪದ ಕಡೆ ನೋಡಿದರು.

ಅದು ಉರಿಯುತ್ತಿತ್ತು. ಯಾರೂ ಅದರಿಂದ ಕಣ್ಣು ಕೀಳಲಿಲ್ಲ.