ಒಳಗೆ ಹೋದ ತೋಟೆಯೆಲ್ಲ ಸರಿಯಾದ ತೋಟೆಯಲ್ಲ

ಕುಲಶೇಖರದ ಜಯಪಾಲರ ಮನೆಯ ಜೋಡುನಳಿಗೆ ಕೋವಿ ಒಮ್ಮೆ ಢಂ ಎಂದರೆ ಉಳ್ಳಾಲದ ಸಮುದ್ರ ಹೆದರಿ ಒಂದು ಫರ್ಲಾಂಗು ಹಿಂದೆ ಓಡುತ್ತಿತ್ತು, ಮೀನುಗಳು ತಾವಾಗಿಯೇ ದೋಣಿ ಹತ್ತುತ್ತಿದ್ದವು. ಹೀಗೆಂದವರು ಜಯಪಾಲರೇ. ಕೇಳಿದವರು ನಗುತ್ತಿದ್ದರು, ಅವರೂ ನಗುತ್ತಿದ್ದರು.

ಕೋವಿ ಅವರಿಗೆ ಸೋದರಮಾವನಿಂದ ಬಂದದ್ದು. ಅಳಿಯಕಟ್ಟಿನ ಮನೆ, ಆಸ್ತಿ ಮಾವನಿಂದ ಸೋದರಳಿಯನಿಗೆ. ಈಗ ಆ ಕೋವಿ ತಂಗಿಯ ಮಗ ಗೌರವನ ಪಾಲಿಗೆ ಬಂದಿತ್ತು. ಲೈಸನ್ಸೂ ಅವನ ಹೆಸರಿಗಾಗಿತ್ತು. ನಾಳೆ ಶೂಟಿಂಗ್ ಕ್ಲಬ್ಬಿನಲ್ಲಿ ಅವನ ಮೊದಲ ಗುಂಡು. ಜಯಪಾಲರು ಹೊಸ ತೋಟೆಗಳ ಪೆಟ್ಟಿಗೆಯನ್ನು ಜಗಲಿಯಲ್ಲಿಟ್ಟು ಮದುಮಗನಂತೆ ಕೂತಿದ್ದರು.

ಪಕ್ಕದ ಮನೆಯ ಮಗ್ದಲೀನ್ ಟೀಚರ್ ಅದೇ ಕ್ಲಬ್ಬಿನಲ್ಲಿ ಪದಕ ಗೆದ್ದವರು. ಅವರು ಪೆಟ್ಟಿಗೆ ತಿರುಗಿಸಿ ನೋಡಿದರು.

"ಜಯಪಾಲಣ್ಣ, ನಿಮ್ಮ ಕೋವಿಗೆ ಇಷ್ಟು ಉದ್ದದ ತೋಟೆ ಆಗ್ತದಾ?"

"ಎಂತ ಟೀಚರ್! ಕೋವಿಯೂ ಹನ್ನೆರಡು ಬೋರು, ತೋಟೆಯೂ ಹನ್ನೆರಡು ಬೋರು. ಹಾಕಿ ನೋಡಿದ್ದೇನೆ, ಬೆಣ್ಣೆಗೆ ಬೆರಳು ಹೋದ ಹಾಗೆ ಹೋಯಿತು."

"ಹನ್ನೆರಡು ಅಂದ್ರೆ ದಪ್ಪದ ಲೆಕ್ಕ ಮಾರಾಯ್ರೆ, ಉದ್ದದ್ದಲ್ಲ."

ಹೆಂಡತಿ ಕುಶಲಾ ಚಹಾ ತಂದವರು ನಿಂತರು. "ಇವರ ಅಂಗಿಯ ಹಾಗೆ. ಕಾಲರ್ ಸರಿಯಾಗ್ತದೆ, ಹೊಟ್ಟೆಗೆ ಗುಂಡಿ ಹಾಕ್ಲಿಕ್ಕೆ ಆಗುದಿಲ್ಲ."

ಟೀಚರ್ ನಕ್ಕರೂ ಮಾತು ಬಿಡಲಿಲ್ಲ. "ತೋಟೆಯ ಬಾಯಿ ಮಡಚಿರ್ತದೆ, ನೋಡಿ. ಹಾರುವಾಗ ಅದು ಬಿಚ್ಚಿ ಉದ್ದ ಆಗ್ತದೆ. ಹಳೆ ಕೋವಿಯಲ್ಲಿ ತೋಟೆ ಕೂರುವ ಜಾಗ ಗಿಡ್ಡ ಇದ್ರೆ, ಬಾಯಿ ಬಿಚ್ಚಲಿಕ್ಕೆ ಎಡೆ ಇಲ್ಲ. ಒತ್ತಡ ಏರ್ತದೆ. ನಿಮ್ಮ ನಳಿಗೆಯಲ್ಲಿ ಬಳ್ಳಿ ಸುತ್ತಿದ ಹಾಗೆ ಗೆರೆ ಬೇರೆ ಉಂಟು. ಕಬ್ಬಿಣ ತಿರುಚಿ ಮಾಡಿದ್ದಾದ್ರೆ ಈಗಿನ ಮದ್ದು ಅದು ತಡೆಯುದಿಲ್ಲ. ಒಡೆದ್ರೆ, ನಳಿಗೆ ಹಿಡಿದ ಎಡಗೈಯೇ ಹೋಗ್ತದೆ."

ಜಯಪಾಲರ ಮೀಸೆ ಮೇಲೇರಿತು. "ಹೋದ ವರ್ಷ ಇದೇ ತೋಟೆ, ಇದೇ ಕೋವಿ. ನಾನೇ ನೂರು ಹಾರಿಸಿದ್ದೇನೆ!"

ಗೌರವ್ ಎದ್ದ. "ಹಾಗಾದ್ರೆ ಸಾಕಲ್ಲ ಟೀಚರ್. ಮಾವನೇ ಹಾರಿಸಿದ್ದಾರಂತೆ." ಎಡಗೈಯಲ್ಲಿ ಪೆಟ್ಟಿಗೆ ಎತ್ತಿಕೊಂಡ.

ಜಯಪಾಲರು ಆ ಕೈಯನ್ನೇ ನೋಡಿದರು. ಸಮುದ್ರ ಓಡಿದ್ದನ್ನು ಯಾರೂ ನಂಬಿರಲಿಲ್ಲ. ಈ ನೂರನ್ನು ಹುಡುಗ ನಂಬಿಬಿಟ್ಟಿದ್ದ. ನೆಲ ಬಿರಿದು ನುಂಗಿದ್ದರೆ ಜಯಪಾಲರು ಅದಕ್ಕೆ ಕೈಮುಗಿಯುತ್ತಿದ್ದರು.

"ಅದನ್ನು ಕೆಳಗಿಡು ಮಗಾ."

"ಎಂತಾಯಿತು ಮಾವ?"

"ನೂರು ಇಲ್ಲ. ಹತ್ತೂ ಇಲ್ಲ. ಒಂದೂ ಹಾರಿಸಲಿಲ್ಲ. ನನ್ನ ಮಾವ ಹೋದ ಮೇಲೆ ಅದು ಹಾರಲೇ ಇಲ್ಲ. ನಾನು ಎಣ್ಣೆ ಒರೆಸಿದ್ದು ಮಾತ್ರ. ನನಗೆ... ಆ ಶಬ್ದ ಕೇಳಿದ್ರೇ ಆಗುದಿಲ್ಲ."

ಯಾರೂ ನಗಲಿಲ್ಲ. ಅದೇ ಹೆಚ್ಚು ಚುಚ್ಚಿತು. ಮರುದಿನ ಕ್ಲಬ್ಬಿಗೆ ಹೋಗುವ ಬದಲು ಮಾವ, ಅಳಿಯ, ಟೀಚರ್ ಮೂವರೂ ಲೈಸನ್ಸ್ ಇರುವ ಕೋವಿ ರಿಪೇರಿಯವರನ್ನು ವಿಚಾರಿಸಿ ಹೊರಟರು. ರಿಪೇರಿಯವರು ಅಳೆದು ನೋಡಿದರೆ ತೋಟೆಯ ಜಾಗ ಗಿಡ್ಡವೇ ಆಗಿತ್ತು. ನಳಿಗೆಯ ಒಳಗನ್ನು ತುಕ್ಕು ತಿಂದಿತ್ತು. ಇದನ್ನು ಹಾರಿಸಬೇಡಿ ಎಂದರು ಅವರು.

ನಿಮ್ಮ ಮನೆಯಲ್ಲೂ ಹಿರಿಯರ ಕೋವಿ ಉಂಟೇ? ತೋಟೆ ಒಳಗೆ ಹೋಯಿತೆಂದು ನಂಬಬೇಡಿ. ನಳಿಗೆಯ ಮೇಲೆ ಕೊರೆದ ಮುದ್ರೆಯನ್ನೂ ತೋಟೆ ಕೂರುವ ಜಾಗದ ಉದ್ದವನ್ನೂ ತಿಳಿದವರಿಗೆ ತೋರಿಸಿ, ಅವರು ಹೇಳಿದ ತೋಟೆಯನ್ನೇ ಕೊಳ್ಳಿ. ಬೇಡವೆಂದರೆ ಹಾರಿಸಲೇಬೇಡಿ. ಮೊದಲು ಯಾವ ತೋಟೆ ಹಾಕಿದ್ದರೆಂದು ಯಾರಾದರೂ ಕೇಳಿದಾಗ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳಿ. ನಾಚಿಕೆಯಾದರೆ ಆಗಲಿ, ಕೈ ಉಳಿಯುತ್ತದೆ.