ಅಮ್ಮನ ಹೆಸರಿನ ಮೊದಲಕ್ಷರ

ಮೂವತ್ತನಾಲ್ಕು ವರ್ಷ ತುಂಬುವ ತನಕ ನನ್ನ ಹೆತ್ತ ತಾಯಿಯ ಹೆಸರು ನನಗೆ ಗೊತ್ತಿರಲಿಲ್ಲ. ನಗಬೇಡಿ. ನಮ್ಮ ಅಲಬಾಮಾದ ಕಡೆ ಕರಿಯರ ಮನೆಗಳಲ್ಲಿ ಇದೇನೂ ಹೊಸದಲ್ಲ. ಚರ್ಚಿನ ದಾಖಲೆಯಲ್ಲಿ, ಅಂಚೆಯ ಲಕೋಟೆಯ ಮೇಲೆ, ನನ್ನ ಶಾಲೆಯ ಅರ್ಜಿಯಲ್ಲಿ, ಎಲ್ಲೆಲ್ಲೂ ಅವಳು ‘ಮಿಸೆಸ್ ವಿ. ಟಾಲಿವರ್’. ಅಪ್ಪ ಕೂಡ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಮಿಸೆಸ್ ಟಾಲಿವರ್, ಕಾಫಿ ಉಳಿದಿದೆಯಾ?” ಎಂದೇ ಕೇಳುತ್ತಿದ್ದ. ಕಿಟಕಿಯಾಚೆ ಯಾವ ಬಿಳಿಯನ ಕಿವಿ ಇದೆಯೋ ಯಾರಿಗೆ ಗೊತ್ತು! ಹೆಸರು ಅವರ ಕೈಗೆ ಸಿಕ್ಕಿತೋ, ಮುಗಿಯಿತು. ಹಾಲುಹಲ್ಲು ಉದುರದ ಪೋರನೂ ಎಪ್ಪತ್ತರ ಮುದುಕಿಯನ್ನು ಹೆಸರು ಹಿಡಿದು ಏಕವಚನದಲ್ಲಿ ಕೂಗುತ್ತಾನೆ. ಸಿಗದಿದ್ದರೆ ‘ಏ ಆಂಟಿ’. ಆ ಆಂಟಿಯಲ್ಲಿ ನೆಂಟಸ್ತಿಕೆ ಎಳ್ಳಷ್ಟೂ ಇಲ್ಲ. ‘ಮಿಸೆಸ್’ ಎನ್ನಲು ನಾಲಿಗೆ ಹೊರಳದವರು ಹುಡುಕಿಕೊಂಡ ಉಪಾಯ ಅದು.

ನನ್ನಜ್ಜಿ ಗುಲಾಮಳಾಗಿ ಹುಟ್ಟಿದವಳು. ಅವಳ ಮೊದಲೆರಡು ಮಕ್ಕಳಿಗೆ ಹೆಸರಿಟ್ಟದ್ದು ಒಡತಿ. ಒಂದಕ್ಕಂತೂ ಸತ್ತುಹೋದ ತನ್ನ ನಾಯಿಯ ಹೆಸರು! ಬಿಡುಗಡೆಯಾಗಿ ಎಷ್ಟೋ ವರ್ಷದ ಮೇಲೆ ಹುಟ್ಟಿದ ಕೊನೆಯ ಕೂಸು ನನ್ನಮ್ಮ. ಆ ಕೂಸಿಗೆ ಮಾತ್ರ ಅಜ್ಜಿ ತಾನೇ ಹೆಸರು ಹುಡುಕಿ ಇಟ್ಟಳು. “ಇದನ್ನ ಬಿಳಿಯರ ಬಾಯಿಗೆ ಕೊಡಬೇಡ” ಎಂದು, ಮಗಳಿಗೆ ತಿಳಿವಳಿಕೆ ಬಂದಾಗ ಮಾತೂ ತೆಗೆದುಕೊಂಡಳು. ಅಮ್ಮ ಎಪ್ಪತ್ಮೂರು ವರ್ಷ ತುಂಬುವ ತನಕ ಆ ಮಾತು ಉಳಿಸಿಕೊಂಡಳು.

ಅವಳಿಗಿದ್ದದ್ದು ಒಂದೇ ಆಸೆ, ಸಾಯುವುದರೊಳಗೆ ಒಂದು ಸಲ ವೋಟು ಹಾಕಬೇಕು. ಅದಕ್ಕೆ ಕೋರ್ಟಿನ ಕಟ್ಟಡದಲ್ಲಿದ್ದ ಕಚೇರಿಗೆ ಹೋಗಿ ಮತದಾರರ ಪಟ್ಟಿಗೆ ಸೇರಬೇಕು. 1963ರ ಬೇಸಿಗೆಯಲ್ಲಿ ಎರಡು ಸಲ ಅರ್ಜಿ ಕೊಟ್ಟಳು. ಎರಡು ಸಲವೂ ಗುಮಾಸ್ತ ಸ್ಟಿಟ್ಸ್ ಎಂಬವನು ‘ವಿ.’ಯ ಮೇಲೆ ಕೆಂಪು ಗೀಟು ಎಳೆದು ಅರ್ಜಿಯನ್ನು ಮುಖಕ್ಕೆ ಎಸೆದ. ಪೂರ್ತಿ ಹೆಸರು ಬೇಕಂತೆ. ಬಿಳಿಯರ ಅರ್ಜಿಗಳಲ್ಲಿ ಬರೀ ಮೊದಲಕ್ಷರಗಳಿದ್ದದ್ದನ್ನು ಆಮೇಲೆ ನಾನೇ ಕಣ್ಣಾರೆ ನೋಡಿದ್ದೇನೆ.

ಮೂರನೆಯ ಸಲ, ಪೂರ್ತಿ ಹೆಸರು ಬರೆದುಬಿಡು ಎಂದು ನಾನೇ ಜಗಳವಾಡಿ ಹೊರಡಿಸಿದೆ. ಕರಿಯರ ಶಾಲೆಯ ಮೇಡಂ ನಾನು, ಕೋರ್ಟಿನ ಮೆಟ್ಟಿಲು ಹತ್ತಿದ್ದು ತಿಳಿದರೆ ಕೆಲಸ ಹೋಗುತ್ತಿತ್ತು. ಆದರೂ ಹೋದೆ. ಅಮ್ಮ ನನಗೂ ಕಾಣದ ಹಾಗೆ ಕೈ ಅಡ್ಡ ಹಿಡಿದು, ನಿಧಾನವಾಗಿ ಹೆಸರು ಬರೆದಳು. ಹಜಾರದ ಬೆಂಚಿನ ಮೇಲೆ ನಾಲ್ಕು ಗಂಟೆ ಕೂತೆವು.

ಕೊನೆಗೆ ಸ್ಟಿಟ್ಸ್ ಬಾಗಿಲಿಗೆ ಬಂದ. ಅರ್ಜಿ ನೋಡಿದ, ಹಲ್ಲು ಕಿರಿದ. ಇಡೀ ಹಜಾರಕ್ಕೆ ಕೇಳುವಂತೆ, ರಾಗ ಎಳೆದು, ಅಮ್ಮನ ಹೆಸರು ಕೂಗಿದ.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

“ಏ, ನಿನ್ನನ್ನೇ ಕಣೆ! ಎಂಥಾ ಚೆಂದದ ಹೆಸರು ಇಟ್ಕೊಂಡಿದ್ದೀಯ! ಬಚ್ಚಿಟ್ಟಿದ್ದು ಯಾಕೆ? ಬಾ ಇಲ್ಲಿ.”

ಅಮ್ಮ ಎದುರಿನ ಗೋಡೆ ನೋಡುತ್ತಾ ಕೂತಳು. ಅವನು ಮತ್ತೆ ಕೂಗಿದ. ಅವಳು ಕದಲಲಿಲ್ಲ.

“ಅಮ್ಮಾ, ಎದ್ದೇಳು,” ನಾನು ಪಿಸುಗುಟ್ಟಿದೆ. “ನಿನ್ನ ಕಾಲಿಗೆ ಬೀಳ್ತೀನಿ, ಏಳಮ್ಮ.”

“ಯಾರನ್ನೋ ಕರೀತಿದ್ದಾನೆ,” ಎಂದಳು, ಅವನಿಗೂ ಕೇಳುವಂತೆ. “ನನ್ನನ್ನ ಕರೆದ್ರೆ ಹೋಗ್ತೀನಿ.”

ಮೂರನೆಯ ಸಲ ಕೂಗಿ ಅವನು ಅರ್ಜಿಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದ.

ವಾಪಸು ಬರುವಾಗ ದಾರಿಯುದ್ದಕ್ಕೂ ಅವಳ ಮೇಲೆ ಹರಿಹಾಯ್ದೆ. ಹೆಸರೂ ಹೋಯಿತು, ವೋಟೂ ಹೋಯಿತು! “ಒಂದು ಮಿಸೆಸ್‌ಗೋಸ್ಕರ ಎಲ್ಲಾ ಹಾಳು ಮಾಡಿದೆಯಲ್ಲ! ಹಟ, ಬರೀ ಹಟ ನಿಂದು! ಎರಡು ಹೆಜ್ಜೆ ಹೋಗಿದ್ರೆ ಏನು ಗಂಟು ಹೋಗ್ತಿತ್ತು?”

“ಅವನ ಕೂಗಿಗೆ ಬಾಲ ಅಲ್ಲಾಡಿಸ್ಕೊಂಡು ಎದ್ದು ಹೋದ್ರೆ, ಒಸೆಲ್ಲಾ,” ಅಮ್ಮ ರಸ್ತೆ ನೋಡುತ್ತಲೇ ಹೇಳಿದಳು, “ಆಮೇಲೆ ವೋಟು ಹಾಕೋದು ಯಾರು? ನಾನಾ, ಇಲ್ಲ ನಮ್ಮಮ್ಮನ ಒಡತಿಯ ನಾಯಿನಾ?”

ನನ್ನ ಕೋಪ ಇಳಿಯಲಿಲ್ಲ, ಯಾರ ಮೇಲೆ ಎಂಬುದಷ್ಟೇ ಬದಲಾಯಿತು.

ಇನ್ನೂ ಐದು ಸಲ ಹೋದಳು. ಪ್ರತಿ ಸಲ ಅವನು ಕೂಗಿದ, ಅವಳು ಕೂತಳು, ಅವನು ಹರಿದ. ಅಷ್ಟರಲ್ಲಿ ಹೆಸರು ಊರೆಲ್ಲಾ ಹಬ್ಬಿತ್ತು. ಪೆಟ್ರೋಲ್ ಬಂಕಿನ ಬಿಳಿ ಹುಡುಗರು ಅವಳು ಹಾದುಹೋದಾಗಲೆಲ್ಲ ಅದನ್ನು ಹಾಡಿನಂತೆ ಕೂಗುತ್ತಿದ್ದರು. ನಮ್ಮ ಜನ ಮಾತ್ರ ಕೇಳಿಸಿಯೂ ಕೇಳಿಸದಂತೆ ಇದ್ದರು. ಒಬ್ಬರನ್ನೊಬ್ಬರು ಅಕ್ಕ, ಅಣ್ಣ ಎನ್ನುವ ನಮ್ಮ ಚರ್ಚಿನ ರೂಢಿಯಲ್ಲಿ ಅವಳು ಎಂದಿನಂತೆ ಸಿಸ್ಟರ್ ಟಾಲಿವರ್. ಅದನ್ನು ನಾನು ಸಾಯುವವರೆಗೂ ಮರೆಯೆ.

ಕರಿಯರ ವೋಟಿಗೆ ಯಾರೂ ಅಡ್ಡ ಬರಬಾರದೆಂದು 1965ರಲ್ಲಿ ಹೊಸ ಕಾನೂನು ಬಂತು. ವಾಷಿಂಗ್ಟನ್ನಿನಿಂದ ಸರ್ಕಾರದವರು ಬಂದು ಪಟ್ಟಿಗೆ ಹೆಸರು ಸೇರಿಸಲು ಅಂಚೆ ಕಚೇರಿಯ ನೆಲಮಾಳಿಗೆಯಲ್ಲಿ ಮೇಜು ಹಾಕಿ ಕೂತರು. ಸಾಲು ಬೀದಿಯ ತನಕ ಬೆಳೆದಿತ್ತು. ಮೇಜಿನ ಹಿಂದೆ ಉತ್ತರದ ಕಡೆಯ ಬಿಳಿ ಹುಡುಗ, ಮುಖದ ತುಂಬಾ ನಗು. ಅಮ್ಮನ ಸರದಿ ಬಂದಾಗ ಪ್ರೀತಿಯಿಂದಲೇ, ಗೆಳತಿಯನ್ನು ಕರೆದಂತೆ, ಬರೀ ಹೆಸರು ಹಿಡಿದು ಕರೆದ.

ಅಮ್ಮ ಗೋಡೆಯ ಬದಿಗೆ ವಯಸ್ಸಾದವರಿಗೆಂದು ಹಾಕಿದ್ದ ಕುರ್ಚಿಯಿಂದ ಏಳಲಿಲ್ಲ.

“ಅಯ್ಯೋ ದೇವರೇ, ಸಿಸ್ಟರ್ ಟಾಲಿವರ್!” ಹಿಂದಿನಿಂದ ಚರ್ಚಿನ ಹಿರಿಯ ಪೆಟಿಗ್ರೂ ಗೊಣಗಿದರು. “ಇವರು ನಮ್ಮ ಕಡೆಯವರು ಕಣಮ್ಮ! ಇವತ್ತು ಒಂದಿನ ಬಿಟ್ಟುಬಿಡು!”

ಈ ಸಲ ನಾನು ಪಿಸುಗುಟ್ಟಲಿಲ್ಲ. ನೆಟ್ಟಗೆ ಹೋಗಿ ಮೇಜು ಗುದ್ದಿದೆ. “ನಿಮ್ಮಜ್ಜಿಯ ವಯಸ್ಸಿನವರು ಅವರು. ನಿಮ್ಮಜ್ಜಿಯನ್ನ ಅಂಚೆಯವನು ಹೆಸರು ಹಿಡಿದು ಕರೆದ್ರೆ ಸುಮ್ನಿರ್ತೀರಾ? ಅವರು ಮಿಸೆಸ್ ಟಾಲಿವರ್. ಆ ಇನ್ನೊಂದು ಹೆಸರು ನನಗೇ ಬಾಯಲ್ಲಿ ಬರೋದಿಲ್ಲ, ನಿಮಗೆ ಯಾರ್ರೀ ಕೊಟ್ಟರು?”

ಹುಡುಗನ ಕಿವಿ ಕೆಂಪಾದವು. ಎದ್ದು ನಿಂತ. “ಕ್ಷಮಿಸಿ. ಮಿಸೆಸ್ ಟಾಲಿವರ್, ದಯವಿಟ್ಟು ಬನ್ನಿ.”

“ಕಿವಿ ಸ್ವಲ್ಪ ಮಂದ ನಂಗೆ,” ಎಂದಳು ಅಮ್ಮ. “ಇನ್ನೊಂದ್ಸಲ ಹೇಳಿ.”

ಹೇಳಿದ. ಆಗ ಎದ್ದಳು. ಹ್ಯಾಟು ಸರಿಮಾಡಿಕೊಂಡು, ಎಂಟು ಹೆಜ್ಜೆಯ ದೂರಕ್ಕೆ ಪೂರ್ತಿ ಒಂದು ನಿಮಿಷ ತೆಗೆದುಕೊಂಡಳು.

ಮುಂದಿನ ಮೇ ತಿಂಗಳಲ್ಲಿ ಅವಳು ವೋಟು ಹಾಕಿದಳು. ನವೆಂಬರಿನ ಚುನಾವಣೆಗೆ ಉಳಿಯಲಿಲ್ಲ. ಸಮಾಧಿಯ ಕಲ್ಲು ಕೆತ್ತುವ ಬಿಳಿಯ, “ವಿ ಅಂದ್ರೆ ಏನು?” ಎಂದು ಕೇಳಿದ. “ನಿನಗೆ ಯಾಕೆ? ವಿ, ಪಕ್ಕದಲ್ಲಿ ಒಂದು ಚುಕ್ಕೆ. ಅದಕ್ಕೆ ಮೊದಲು ಮಿಸೆಸ್. ಅಷ್ಟು ಕೆತ್ತು,” ಎಂದೆ.

ಎಲ್ಲರೂ ಹೇಳುತ್ತಾರೆ, ನಿಮ್ಮಮ್ಮ ಗೆದ್ದಳು ಎಂದು. ಗೆದ್ದಳು, ಇಲ್ಲವೆನ್ನುವುದಿಲ್ಲ. ಆದರೆ ಅಜ್ಜಿ ಅಷ್ಟು ಪ್ರೀತಿಯಿಂದ ಇಟ್ಟ ಆ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಸ್ಟಿಟ್ಸ್‌ನ ಬಾಯಿಂದ. ಅಪ್ಪನಿಂದಲ್ಲ, ಅಮ್ಮನಿಂದಲ್ಲ, ಅವನಿಂದ. ಅವನು ಸತ್ತು ಮಣ್ಣಾಗಿ ಎಷ್ಟೋ ವರ್ಷವಾಯಿತು. ಇವತ್ತಿಗೂ ಒಬ್ಬಳೇ ಇರುವಾಗ ಅಮ್ಮನ ಹೆಸರು ನೆನೆಸಿಕೊಂಡರೆ ಕಿವಿಯಲ್ಲಿ ಕೇಳುವುದು ಅವನ ದನಿಯೇ.